ಬುಧವಾರ ಯಾರು ಬರುತ್ತೀರಿ?

ನಮ್ಮ ಮನೆಗೆ ಎಳನೀರು ಹೊತ್ತು ತಂದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ವಿಲೆ ಪಾರ್ಲೆ ಸ್ಟೇಷನ್ನಿನ ಒಂದು ಪ್ಲಾಟ್‌ಫಾರ್ಮ್ ತುಂಬುತ್ತದೆ. ಎಲ್ಲರೂ ಒಳ್ಳೆಯವರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ದನಿ ತಗ್ಗಿಸಿ, ಸತ್ತವರ ಮನೆಗೆ ಬಂದವರಂತೆ ಸೋಫಾದ ತುದಿಯಲ್ಲಿ ಕುಳಿತವರು. ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಕೇಳಿ ಓಡಿ ಬಂದವರು. ಕಿಡ್ನಿ ಎಂದ ಕೂಡಲೇ ಅವರಿಗೆ ನೀರು ನೆನಪಾಗುತ್ತದೆ, ನೀರು ಎಂದ ಕೂಡಲೇ ಎಳನೀರು. ಕಿಡ್ನಿ ಕೆಟ್ಟವಳಿಗೆ ಎಳನೀರು ವಿಷ. ಅದರಲ್ಲಿರುವ ಪೊಟ್ಯಾಶಿಯಂ ಹೊರಗೆ ಹೋಗಲು ನನ್ನ ದೇಹದಲ್ಲಿ ದಾರಿಯಿಲ್ಲ. ಅದು ರಕ್ತದಲ್ಲಿ ಸೇರುತ್ತ ಹೋಗಿ ಎದೆಬಡಿತವನ್ನೇ ನಿಲ್ಲಿಸಬಹುದು. ಬಾಳೆಹಣ್ಣೂ ಅಷ್ಟೇ, ಮೋಸಂಬಿಯೂ ಅಷ್ಟೇ. ಇದನ್ನು ಬಂದವರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದ್ದೇನೆ. ಅವರು ಗಂಭೀರವಾಗಿ ತಲೆಯಾಡಿಸುತ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಆದ್ರೂ ಅಕ್ಕಾರ, ಒಂದೀಟ ಕುಡೀರಿ, ತಂಪ ಆಗತೈತಿ" ಎನ್ನುತ್ತಾರೆ.

ನಾನು ವಿಜಯಪುರದಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿಗೆ ಬಂದು, ಇಲ್ಲಿಯ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವಳು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕಾರ ಎನ್ನುವುದು ರೂಢಿ. ಕಟ್ಟಡ ಕೆಲಸದವರ ಮಕ್ಕಳು ಹಾಗೆ ಕರೆದರು, ಅವರ ತಾಯಂದಿರು ಕರೆದರು, ಕೊನೆಗೆ ದಾದರಿನ ನಮ್ಮ ಕನ್ನಡ ಸಂಘದವರಿಗೆಲ್ಲ ನಾನು ಅಕ್ಕಾರ ಆದೆ. ಸಂಘದ ರಾಜ್ಯೋತ್ಸವಕ್ಕೆ ನಾಟಕ ಬರೆದುಕೊಟ್ಟಿದ್ದೇನೆ, ಮಕ್ಕಳಿಗೆ ಕೋಲಾಟ ಕಲಿಸಿದ್ದೇನೆ, ಯಾರದೋ ಸೊಸೆಯ ಹೆರಿಗೆಗೆ ಆಸ್ಪತ್ರೆಯ ವರಾಂಡದಲ್ಲಿ ಕಾದು ಕೂತಿದ್ದೇನೆ. ಉಪಕಾರದ ಲೆಕ್ಕ ಒಪ್ಪಿಸುತ್ತಿಲ್ಲ. ಯಾರ ಬಾಗಿಲಿಗೂ ನಾನು ಹೊಸಬಳಾಗಿರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಸೋಮವಾರ, ಬುಧವಾರ, ಶುಕ್ರವಾರದ ಮಧ್ಯಾಹ್ನಗಳನ್ನು ದಾದರಿನ ಒಂದು ಡಯಾಲಿಸಿಸ್ ಕೇಂದ್ರದ ಹಾಸಿಗೆಯ ಮೇಲೆ ಕಳೆಯುತ್ತೇನೆ. ನನ್ನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅಲ್ಲಿ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದಂತೆ ತಿಳಿಯುತ್ತದೆ. ಅಲ್ಲಿಗೇ ದಪ್ಪ ಸೂಜಿ ಚುಚ್ಚಿ, ರಕ್ತವನ್ನು ಮಶೀನಿಗೆ ಕಳಿಸಿ, ತೊಳೆದು, ಮತ್ತೆ ಒಳಗೆ ಬಿಡುತ್ತಾರೆ. ಆ ಕೈ ಕೆಟ್ಟರೆ ನಾನೂ ಕೆಟ್ಟೆ. ಅದಕ್ಕೆ ಭಾರ ಹೊರಿಸುವಂತಿಲ್ಲ, ಪೆಟ್ಟು ಬೀಳುವಂತಿಲ್ಲ, ಬಿಗಿಯಾದ ಬಳೆ ಕೂಡ ಇಡುವಂತಿಲ್ಲ. ಎಲ್ಲ ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕಾಲುಗಳಲ್ಲಿ ಹಿಂಡಿದ ಬಟ್ಟೆಯಷ್ಟೂ ಬಲವಿರುವುದಿಲ್ಲ, ಕಣ್ಣಿಗೆ ಕತ್ತಲೆ ಬರುತ್ತದೆ. ಅದೇ ಹೊತ್ತಿಗೆ ಇಡೀ ದಾದರ್ ಆಫೀಸು ಬಿಟ್ಟು ಸ್ಟೇಷನ್ನಿನ ಸೇತುವೆಗೆ ನುಗ್ಗಿರುತ್ತದೆ. ಆ ಸೇತುವೆಯ ಮೇಲೆ ನನ್ನ ಎಡಗಡೆ ಒಬ್ಬ ಮನುಷ್ಯ ನಡೆಯಬೇಕು. ಔಷಧ ತಿಳಿದವರು ಬೇಡ, ಧೈರ್ಯ ಹೇಳುವವರು ಬೇಡ. ಜನ ಬಂದು ನನ್ನ ಎಡಗೈಗೆ ಅಪ್ಪಳಿಸದಂತೆ ತನ್ನ ಮೈ ಅಡ್ಡ ಕೊಡುವ ಒಬ್ಬರು ಸಾಕು.

ಕೇಂದ್ರದ ನಿಯಮವೂ ಅದೇ. ರೋಗಿಯ ಜೊತೆ ಬಂದವರು ಹೊರಗಿನ ಬೆಂಚಿನ ಮೇಲೆ ಕೊನೆಯವರೆಗೂ ಇರಬೇಕು, ಇಲ್ಲದಿದ್ದರೆ ಮಶೀನಿಗೆ ಹಾಕುವುದಿಲ್ಲ. ಹಿಂದೆ ಯಾರೋ ಒಂಟಿಯಾಗಿ ಹೊರಟು ಮೆಟ್ಟಿಲ ಮೇಲೆ ಬಿದ್ದಿದ್ದರಂತೆ. ಸೋಮವಾರ ಮಗಳು ಬರುತ್ತಾಳೆ. ಅವಳಿಗೆ ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ, ಸೋಮವಾರ ರಜೆ. ಉಳಿದ ಎರಡು ದಿನ ನನ್ನ ಗಂಡ ಅರ್ಧ ದಿನದ ಪರವಾನಗಿ ಕೇಳಿ ಬರುತ್ತಿದ್ದರು. ಆಮೇಲೆ ಅವರ ಆಫೀಸಿಗೆ ಹೊಸ ಸಾಹೇಬ ಬಂದ. ವಾರಕ್ಕೆ ಒಂದೇ ಅರ್ಧ ದಿನ, ಯಾವುದು ಬೇಕೋ ಆರಿಸಿಕೊಳ್ಳಿ ಎಂದ. ನಾವು ಶುಕ್ರವಾರ ಆರಿಸಿಕೊಂಡೆವು. ಆಯಾ ಇಟ್ಟುಕೊಳ್ಳಬಹುದಿತ್ತಲ್ಲ ಎನ್ನುವ ಬುದ್ಧಿವಂತರಿಗೆ ಹೇಳುತ್ತೇನೆ, ವಾರಕ್ಕೆ ಒಂದು ಮಧ್ಯಾಹ್ನಕ್ಕೆ ಯಾವ ಏಜೆನ್ಸಿಯೂ ಯಾರನ್ನೂ ಕಳಿಸುವುದಿಲ್ಲ. ಕೇಳಿ ಆಗಿದೆ. ಹೀಗೆ ನನ್ನ ಬುಧವಾರ ಅನಾಥವಾಯಿತು.

ಮಗಳನ್ನು ಕೇಳಿದೆ. ಅವಳು ಕಣ್ಣಲ್ಲಿ ನೀರು ತಂದುಕೊಂಡು, "ಮಮ್ಮಿ, ಮೈ ಕ್ಯಾ ಕರೂಂ? ರೋಸ್ಟರ್ ನನ್ನ ಕೈಯಾಗ ಇಲ್ಲ. ಇನ್ನೊಂದ್ ಛುಟ್ಟಿ ಕೇಳಿದ್ರ ನೌಕ್ರಿ ಹೋಗ್ತದ" ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ವಯಸ್ಸಿನ ಹುಡುಗಿಗೆ ಇರುವ ಒಂದೇ ರಜೆಯನ್ನು ನಾನು ಆಗಲೇ ತಿಂದು ಹಾಕಿದ್ದೆ.

ಆದ್ದರಿಂದ ಸಂಘದ ಮೊಬೈಲ್ ಗ್ರೂಪಿನಲ್ಲಿ ಬರೆದೆ. ಮೂರನೆಯ ಇಯತ್ತೆಯ ಮಕ್ಕಳಿಗೂ ತಿಳಿಯುವಂತೆ ಬರೆದೆ. "ಪ್ರತಿ ಬುಧವಾರ ಮಧ್ಯಾಹ್ನ ದಾದರಿನಲ್ಲಿ ನನ್ನ ಜೊತೆ ಕೂತು, ಸಂಜೆ ಪಾರ್ಲೆಯ ಲೋಕಲ್ ಹತ್ತಿಸಲು ಒಬ್ಬರು ಬೇಕು. ಸರದಿಯ ಮೇಲೆ ಬಂದರೂ ಆಗುತ್ತದೆ. ಯಾರು ಬರುತ್ತೀರಿ?"

ಉತ್ತರಗಳು ಧಾರಾಕಾರವಾಗಿ ಬಂದವು. ಜೋಡಿಸಿದ ಎರಡು ಕೈಗಳ ಚಿತ್ರ. ಅದರ ಕೆಳಗೆ ಇನ್ನೊಂದು ಜೋಡಿಸಿದ ಕೈಗಳ ಚಿತ್ರ. ಹಚ್ಚಿದ ದೀಪ, ಹೂವು, ದೇವರು. "ನಾವು ಸದಾ ನಿಮ್ಮೊಂದಿಗಿದ್ದೇವೆ." "ಧೈರ್ಯವಾಗಿರಿ." ಒಬ್ಬರು ಕಿಡ್ನಿ ಶುದ್ಧ ಮಾಡುವ ಕಷಾಯದ ವಿಡಿಯೋ ಕಳಿಸಿದರು. ಕಲ್ಲಂಗಡಿಯ ಬೀಜ, ಕೊತ್ತಂಬರಿ, ಕೊನೆಗೆ ಎಳನೀರು. ಬುಧವಾರ ಎಂಬ ಶಬ್ದ ಒಂದೇ ಒಂದು ಉತ್ತರದಲ್ಲೂ ಇರಲಿಲ್ಲ. ಪ್ರಶ್ನೆ ಬಿಟ್ಟು ಬೇರೆಲ್ಲ ಬರೆದ ಉತ್ತರಪತ್ರಿಕೆಗಳನ್ನು ನಾನು ಜೀವಮಾನವೆಲ್ಲ ತಿದ್ದಿದ್ದೇನೆ. ಅವಕ್ಕೆ ಸೊನ್ನೆ ಕೊಡುವಾಗ ನನ್ನ ಕೈ ನಡುಗಿಲ್ಲ.

ಎರಡು ದಿನದ ಮೇಲೆ ಸಂಘದ ಕಾರ್ಯದರ್ಶಿಗಳ ಫೋನ್ ಬಂತು. ಬೆಳಗಾವಿ ಕಡೆಯವರು, ಬಟ್ಟೆ ವ್ಯಾಪಾರ, ಬಹಳ ಉತ್ಸಾಹಿ. ಸಂಘಕ್ಕೆ ಕುರ್ಚಿ ತರುವುದರಿಂದ ಹಿಡಿದು ಮಂತ್ರಿಗಳನ್ನು ಕರೆಯುವವರೆಗೆ ಎಲ್ಲ ಅವರದೇ.

"ಅಕ್ಕಾರ, ನಿಮ್ಮ ಮೆಸೇಜ್ ನೋಡಿ ಕಮಿಟಿಯವ್ರಿಗೆಲ್ಲ ಕರಳ ಚುರ್ ಅಂತ್ರಿ. ಏನಾರ ಮಾಡಾಕಬೇಕು ಅಂತ ಠರಾವ ಆಗೇತಿ."

ನನ್ನ ಎದೆ ಹಗುರಾಯಿತು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನ್ನವರ ಬಗ್ಗೆ ಹೆಮ್ಮೆ ಬಂತು.

"ಯಾರ ಬರ್ತಾರಂತ್ರಿ?" ಎಂದೆ.

"ಎಲ್ಲಾರೂ ಬರ್ತಾರ್ರಿ! ನಿಮಗ ಸನ್ಮಾನ ಇಟ್ಟೀವಿ."

"ಸನ್ಮಾನ? ಯಾತಕ್ಕ?"

"ನಿಮ್ಮ ಧೈರ್ಯಕ್ಕರಿ. ಇಷ್ಟ ದೊಡ್ಡ ಜಡ್ಡ ಇದ್ರೂ ನಕ್ಕೋತ ಇರ್ತೀರಲ್ಲ."

ನಾನು ಯಾವಾಗ ನಕ್ಕಿದ್ದೆನೋ ದೇವರೇ ಬಲ್ಲ. ಯಾವತ್ತು ಎಂದು ಕೇಳಿದೆ.

"ಬುಧವಾರ ನಾಕಕ್ಕ. ಮುಖ್ಯ ಅತಿಥಿಗಳು ಅವತ್ತ ಫ್ರೀ ಅದಾರ."

"ಬುಧವಾರ ನಾನು ಮಶೀನ್ ಮ್ಯಾಲ ಇರ್ತೀನ್ರಿ. ಅದಕ್ಕಽ ಅಲ್ಲೇನು ಮೆಸೇಜ್ ಹಾಕಿದ್ದು?"

"ಒಂದ ದಿನ ಹಿಂದ ಮುಂದ ಮಾಡ್ಕೊಂಡ್ರ ಏನಾಗತೈತಿ ಬಿಡ್ರಿ ಅಕ್ಕಾರ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಪಿತ್ತ ನೆತ್ತಿಗೇರಿತು. ಸತ್ತವರಿಗೆ ಸನ್ಮಾನ ಮಾಡಬೇಕೆಂದಿದ್ದರೆ ಬುಧವಾರವೇ ಇಡಿ, ಅಡ್ಡಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನ್ ಬಂತು. ಸನ್ಮಾನ ಭಾನುವಾರಕ್ಕೆ ಹೋಗಿತ್ತು.

ಸನ್ಮಾನ ಮಾಡುವುದರಲ್ಲಿ ನಮ್ಮವರದು ಎತ್ತಿದ ಕೈ. ನಿವೃತ್ತಿಯಾದರೆ ಸನ್ಮಾನ, ಮಗ ಪಾಸಾದರೆ ಸನ್ಮಾನ, ಸನ್ಮಾನ ಮಾಡಿಸಿದವರಿಗೆ ಮುಂದಿನ ವರ್ಷ ಸನ್ಮಾನ. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ತಲೆಗೊಂದು ಜರಿ ಪೇಟ. ಪೇಟ ಮಾತ್ರ ಸಂಘದ ಆಸ್ತಿ. ಫೋಟೋ ಆದ ಕೂಡಲೇ ಹಿಂದಿನಿಂದ ಯಾರೋ ಅದನ್ನು ಎತ್ತಿಕೊಂಡು ಮುಂದಿನ ತಲೆಗೆ ಇಡುತ್ತಾರೆ. ಇದನ್ನೆಲ್ಲ ನಾನೂ ವರ್ಷಗಟ್ಟಲೆ ನೋಡಿ ನಕ್ಕು ಚಪ್ಪಾಳೆ ಹೊಡೆದಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಹೂವು ನನ್ನ ಜುಟ್ಟಿಗೇ ಬಂದಾಗ ಮಾತ್ರ ನಗು ಬರಲಿಲ್ಲ.

ಹೋಗುವುದಿಲ್ಲ ಎಂದೆ. ಗಂಡ ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಿದ್ದವರು ತಲೆಯೆತ್ತದೆ, "ಹೋಗಿ ಬರೂಣು. ಪ್ರೀತೀಲೆ ಕರ್ಯಾಕತ್ತಾರ. ಒಲ್ಲೆ ಅಂದ್ರ ನಾಳೆ ಯಾರೂ ನಮ್ಮ ಕಡೆ ಹೊಳ್ಳಿ ನೋಡೂದಿಲ್ಲ" ಎಂದರು.

"ಈಗ ಯಾರ ನೋಡಾಕತ್ತಾರ?"

ಅವರು ಅದೇ ಬೂಟಿಗೆ ಇನ್ನೊಮ್ಮೆ ಪಾಲಿಶ್ ಹಚ್ಚಿದರು. ದಿನವಿಡೀ ಆಫೀಸು, ಶುಕ್ರವಾರದ ಬೆಂಚು, ರಾತ್ರಿ ನನ್ನ ಉಸಿರಿನ ಮೇಲೆ ಕಿವಿ. ಮನುಷ್ಯ ಅರ್ಧ ಇಳಿದುಹೋಗಿದ್ದರು. ಆದರೂ ಆ ಗಳಿಗೆಯಲ್ಲಿ ಅವರ ಮೇಲೂ ಉರಿದುಬಿದ್ದೆ. ನನಗೆ ಹೆದರಿಕೆಯಾಗಿತ್ತು. ಬುಧವಾರ ತಪ್ಪಿದರೆ ಶುಕ್ರವಾರದವರೆಗೆ ಈ ದೇಹ ತಡೆಯುತ್ತದೋ ಇಲ್ಲವೋ ಎಂಬ ಹೆದರಿಕೆ, ನೇರವಾಗಿ ಸಾವಿನ ಹೆದರಿಕೆ. ಕೊನೆಗೆ ಒಂದೇ ಕಾರಣಕ್ಕೆ ಒಪ್ಪಿದೆ. ಸನ್ಮಾನವಾದವರ ಕೈಗೆ ಎರಡು ಮಾತಾಡಲು ಮೈಕ್ ಕೊಡುತ್ತಾರೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಭಾನುವಾರ ಕೆಟ್ಟ ದಿನ. ಶುಕ್ರವಾರ ತೊಳೆದ ರಕ್ತ ಸೋಮವಾರದವರೆಗೆ ಕಾಯಬೇಕು. ಭಾನುವಾರ ಸಂಜೆಯ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಹಿಡಿಸುವುದಿಲ್ಲ, ಎದೆಯ ಮೇಲೆ ಯಾರೋ ಕೂತಂತಿರುತ್ತದೆ. ನೀರು ಕುಡಿಯುವಂತಿಲ್ಲ, ಆದರೆ ಬಾಯಾರಿಕೆ ಮಾತ್ರ ವಿಪರೀತ. ಆ ಸ್ಥಿತಿಯಲ್ಲಿ ನನ್ನನ್ನು ವೇದಿಕೆಯ ಮೇಲೆ ಕೂರಿಸಿ, ಒಬ್ಬರಾದ ಮೇಲೆ ಒಬ್ಬರು ಹೊಗಳಿದರು. ಛಲಗಾತಿ ಎಂದರು. ನಾರೀಶಕ್ತಿ ಎಂದರು. ಮುಖ್ಯ ಅತಿಥಿಗಳು ನನ್ನನ್ನು ಅಂದೇ ಮೊದಲು ನೋಡಿದವರು, ನನ್ನ ನಗುಮುಖವನ್ನು ಎಂದೂ ಮರೆಯಲಾರೆ ಎಂದರು. ಶಾಲು ಹೊದಿಸಿದರು. ಹಾರ ಹಾಕುವಾಗ ಎಡಗೈ ಹಿಂದಕ್ಕೆ ಎಳೆದುಕೊಂಡೆ. ಪೇಟ ಕಿವಿಯವರೆಗೆ ಇಳಿಯಿತು. ತೊಡೆಯ ಮೇಲೆ ಬಾಳೆಹಣ್ಣು, ಮೋಸಂಬಿ ತುಂಬಿದ ಬುಟ್ಟಿ ಬಂತು. ಕಡೆಯಲ್ಲಿ ಕಾರ್ಯದರ್ಶಿಗಳು ತಾವೇ ಮುಂದೆ ಬಂದು, ಸ್ಟ್ರಾ ಸಿಕ್ಕಿಸಿದ ಎಳನೀರನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಒಂದ ಗುಟುಕ ಅಕ್ಕಾರ, ಫೋಟೋಕ್ಕ."

ಅದರ ವಾಸನೆ ಮೂಗಿಗೆ ಬಡಿಯಿತು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕುಡಿಯಬೇಕು ಅನಿಸಿತು. ಬಹಳ ಅನಿಸಿತು. ಒಂದು ಗುಟುಕಿಗೆ ಏನೂ ಆಗುವುದಿಲ್ಲ ಎಂದು ನನ್ನೊಳಗೇ ಯಾರೋ ಕಾರ್ಯದರ್ಶಿಗಳ ದನಿಯಲ್ಲಿ ಹೇಳಿದರು. ಸ್ಟ್ರಾ ತುಟಿಗೆ ತಾಕಿದ್ದೂ ಹೌದು. ಬಲಗೈಯಿಂದ ಅದನ್ನು ದೂಡಿ, "ಸನ್ಮಾನಕ್ಕ ಕರಸೀರೋ, ಕೊಲ್ಲಾಕ ಕರಸೀರೋ?" ಎಂದೆ. ಮುಂದಿನ ಸಾಲಿನವರು ಗೊಳ್ಳನೆ ನಕ್ಕರು. ಅಕ್ಕಾರದು ಮೊದಲಿನಿಂದಲೂ ತಮಾಷೆಯ ಸ್ವಭಾವ ಎಂದು ಯಾರೋ ಅಂದದ್ದೂ ಕೇಳಿಸಿತು.

ಮೈಕ್ ಬಂತು. ಕೂತಲ್ಲಿಂದಲೇ ಮಾತಾಡಿದೆ. "ನನಗ ಶಾಲ ಬ್ಯಾಡ, ಹಣ್ಣ ಬ್ಯಾಡ. ಒಂದಽ ಮಾತ ಕೇಳೂದೈತಿ. ಬರೂ ಬುಧವಾರ ಮಧ್ಯಾಹ್ನ ನನ್ನ ಜೋಡಿ ಡಯಾಲಿಸಿಸ್ಸಿಗೆ ಯಾರ ಬರ್ತೀರಿ? ಕೈ ಎತ್ರಿ."

ಸಭಾಗೃಹ ತುಂಬಿತ್ತು. ಪ್ರಶ್ನೆ ಕೇಳಿದಾಗ ಉತ್ತರ ಬಾರದ ಮಕ್ಕಳು ಏನು ಮಾಡುತ್ತಾರೆಂದು ನನಗೆ ಗೊತ್ತು. ಚಪ್ಪಲಿಯ ಬಾರು ನೋಡಿಕೊಳ್ಳುತ್ತಾರೆ. ಅಲ್ಲಿಯೂ ಎಲ್ಲರೂ ಅದನ್ನೇ ಮಾಡಿದರು. ನಾನು ಮೈಕ್ ಬಿಡಲಿಲ್ಲ, ಕಾದೆ. ತರಗತಿಯಲ್ಲಿ ಹೀಗೆ ಕಾದರೆ ಯಾವುದಾದರೂ ಒಂದು ಕೈ ಏಳುತ್ತಿತ್ತು. ಇಲ್ಲಿ ಏಳಲಿಲ್ಲ. ಅದರ ಬದಲು ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಎಲ್ಲರೂ. ಕಾರ್ಯದರ್ಶಿಗಳು ಮೈಕನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡು, "ಎಷ್ಟ ಮನಸ್ಸಿಗೆ ಮುಟ್ಟೂಹಂಗ ಮಾತಾಡಿದ್ರು ನಮ್ಮ ಅಕ್ಕಾರು! ಅವರ ಧೈರ್ಯಕ್ಕ ಇನ್ನೊಂದ ಸರ್ತಿ ಜೋರಾಗಿ ಚಪ್ಪಾಳೆ!" ಎಂದರು. ಅಷ್ಟರಲ್ಲಿ ನನ್ನ ತಲೆಯ ಮೇಲಿನ ಪೇಟವನ್ನು ಯಾರೋ ಎತ್ತಿಕೊಂಡು ಹೋಗಿದ್ದರು.

ಉಪ್ಪಿಟ್ಟಿನ ಸಾಲಿನಲ್ಲಿ ಕೆಲವರು ಹತ್ತಿರ ಬಂದು ತಮ್ಮ ತಮ್ಮ ಕಷ್ಟ ಹೇಳಿಕೊಂಡರು. ಒಬ್ಬರಿಗೆ ಬುಧವಾರ ಭಜನೆ. ಒಬ್ಬರಿಗೆ ಮೊಣಕಾಲು. ನಾನು ಹೆರಿಗೆಗೆ ಕಾದು ಕೂತಿದ್ದೆನಲ್ಲ, ಆ ಸೊಸೆಯ ಅತ್ತೆ ನನ್ನ ಬಲಗೈ ಹಿಡಿದು, "ನನಗ ದವಾಖಾನಿ ವಾಸ್ನಿ ಆಗಿ ಬರೂದಿಲ್ರಿ ಅಕ್ಕಾರ, ತಲಿ ತಿರುಗತೈತಿ" ಎಂದಳು. ನನಗೆ ಆಗಿ ಬರುತ್ತದೆ ನೋಡಿ! ಅತ್ತರು ಪೂಸಿಕೊಂಡಷ್ಟು ಸುಖ ನನಗೆ! ಮನೆಗೆ ಬಂದು ಹಣ್ಣಿನ ಬುಟ್ಟಿಯನ್ನು ಬಿಲ್ಡಿಂಗಿನ ವಾಚ್‌ಮನ್‌ಗೆ ಕೊಟ್ಟೆ. ಶಾಲನ್ನು ಇಟ್ಟುಕೊಂಡೆ, ಯಾಕೆಂದರೆ ಡಯಾಲಿಸಿಸ್ ಕೋಣೆಯ ಎಸಿಯಲ್ಲಿ ಹಲ್ಲು ಕಟಕಟಿಸುತ್ತವೆ.

ಬುಧವಾರ ಒಬ್ಬಳೇ ಹೋದೆ. ಮಧ್ಯಾಹ್ನದ ಲೋಕಲ್‌ನಲ್ಲಿ ಅಷ್ಟು ಗದ್ದಲವಿರುವುದಿಲ್ಲ, ಹೋಗುವುದು ಕಷ್ಟವಲ್ಲ. ಕೌಂಟರಿನ ಹೆಂಗಸು ತಲೆಯೆತ್ತಿ, "ಸೋಬತ್ ಕೋಣ್ ಆಹೇ?" ಎಂದಳು. ಜೊತೆಗೆ ಯಾರು? ಕೆಳಗೆ ಇದ್ದಾರೆ, ಬರುತ್ತಾರೆ ಎಂದೆ. ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಅವಳಿಗೆ ಕೂಡಲೇ ತಿಳಿಯಿತು. ನಿಮ್ಮ ಮನೆಯವರನ್ನು ಕರೆಸಿ, ನನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಬೆಂಚಿನ ಮೇಲೆ ಕೂತೆ. ಎಡಗೈ ಗುರುಗುಡುತ್ತಿತ್ತು. ಒಳಗೆ ನನ್ನ ಮಶೀನು ಖಾಲಿಯಾಗುತ್ತಿರುವುದು ಗಾಜಿನಿಂದ ಕಾಣುತ್ತಿತ್ತು, ಹೊರಗೆ ನಾನು.

ಆ ಮಶೀನಿನಿಂದ ಎದ್ದು ಬಂದವಳು ಬೈಕುಲ್ಲಾದ ಮೌಶಿ. ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಕೇಂದ್ರದಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಅವಳದು ಬೆಳಗಿನ ಪಾಳಿ. ಅವಳು ಎದ್ದ ಹಾಸಿಗೆಗೆ ನಾನು ಹೋಗುವುದು ರೂಢಿ. ಬೈಕುಲ್ಲಾದ ಒಂದು ಗಲ್ಲಿಯಲ್ಲಿ ಅವಳ ಮನೆಯವರು ಶಾಲೆಯ ಚೀಲ ಹೊಲಿಯುವ ಸಣ್ಣ ಕಾರಖಾನೆ ಇಟ್ಟಿದ್ದಾರೆ ಎಂಬುದು ಬಿಟ್ಟರೆ ನನಗೆ ಅವಳ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ಎದುರಾದಾಗ, ತೂಕ ಎಷ್ಟು ಏರಿತು, ನೀರು ಎಷ್ಟು ಕುಡಿದೆ ಎಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದೆವು, ಅಷ್ಟೇ. ಅವಳ ಮುಖ ಸುಣ್ಣದಂತಿತ್ತು, ಬಲಗೈಯ ಮೇಲೆ ಹೊಸ ಪಟ್ಟಿ. ನನ್ನನ್ನೂ ಕೌಂಟರನ್ನೂ ಒಮ್ಮೆ ನೋಡಿದಳು. ತನ್ನ ಜೊತೆ ಬಂದಿದ್ದ ಸೊಸೆಗೆ, ನೀನು ಕಾರಖಾನೆಗೆ ನಡಿ ಎಂದಳು. ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕುಸಿದು ಕೂತು, ನನಗೆ "ತೂ ಜಾ. ಮೀ ಬಸತೇ ಇಥೇ" ಎಂದಳು. ನೀ ಹೋಗು, ನಾ ಕೂಡತೀನಿ ಇಲ್ಲಿ.

ಕೌಂಟರಿನವಳು, ನೀವು ಇವರಿಗೆ ಯಾರು ಎಂದು ಕೇಳಿದಳು.

"ಬಹೀಣ್," ಎಂದಳು ಮೌಶಿ. ಒಡಹುಟ್ಟಿದವಳು. ಕೌಂಟರಿನವಳು ಇಬ್ಬರನ್ನೂ ನೋಡಿ ಕೈಯಿಂದಲೇ ಒಳಗೆ ಹೋಗಿ ಎಂದಳು.

ಇದನ್ನು ಓದಿ ಯಾರಾದರೂ, ಆಹಾ, ಮಾನವೀಯತೆ ಇನ್ನೂ ಸತ್ತಿಲ್ಲ ಎಂದರೆ ಅವರ ಮೇಲೂ ನನಗೆ ಸಿಟ್ಟೇ ಬರುತ್ತದೆ. ರಕ್ತ ತೊಳೆಸಿಕೊಂಡು ಎದ್ದ ಹೆಂಗಸು ಮನೆಗೆ ಹೋಗಿ ಒಂದು ತುತ್ತು ಉಂಡು ಮಲಗಬೇಕಿತ್ತು. ಬೆನ್ನಿಲ್ಲದ ಆ ಬೆಂಚಿನ ಮೇಲೆ ಸಂಜೆಯವರೆಗೆ ಕೂರುವ ಕೆಲಸ ಅವಳದಲ್ಲ. ಗಟ್ಟಿಯಾದ ಕಾಲಿರುವ, ಕುಡಿದ ನೀರು ಹೊರಗೆ ಹೋಗುವ ಅಷ್ಟೊಂದು ಜನ ಚಪ್ಪಾಳೆ ತಟ್ಟಿ ಉಪ್ಪಿಟ್ಟು ತಿಂದು ಹೋದರು, ಇವಳು ಕೂತಳು. ಒಳಗೆ ಹೋಗುವ ಮೊದಲು ಸನ್ಮಾನದ ಶಾಲನ್ನು ಅವಳಿಗೆ ಹೊದಿಸಿದೆ.

ಸೂಜಿ ಚುಚ್ಚಿದ ಮೇಲೆ ಬಲಗೈಯಲ್ಲಿ ಫೋನ್ ಹಿಡಿದು ನೋಡಿದೆ. ಗ್ರೂಪಿಗೆ ಸನ್ಮಾನದ ಫೋಟೋ ಬಂದಿತ್ತು. ನಡುವೆ ಪೇಟ ಇಟ್ಟುಕೊಂಡ ನಾನು, ಸುತ್ತ ವೇದಿಕೆ ತುಂಬ ಜನ, ಎಲ್ಲರೂ ನಗುತ್ತಿದ್ದಾರೆ. ಕೆಳಗೆ, "ನಮ್ಮ ಅಕ್ಕಾರ ಬೆನ್ನಿಗೆ ನಮ್ಮ ಸಂಘ." ರಕ್ತದೊತ್ತಡ ನೋಡಲು ಬಂದ ಟೆಕ್ನಿಷಿಯನ್ ಬಗ್ಗಿ ನೋಡಿ, ಇವರೆಲ್ಲ ಯಾರು ಎಂದು ಹಿಂದಿಯಲ್ಲಿ ಕೇಳಿದ.

"ಸಬ್ ಅಪನೇ ಲೋಗ್," ಎಂದೆ. ಎಲ್ಲ ನಮ್ಮವರೇ.

"ಫಿರ್ ಬಾಹರ್ ಮೌಶಿ ಕ್ಯೂಂ ಬೈಠೀ ಹೈ?" ಎಂದ. ಮತ್ತೆ ಹೊರಗೆ ಮೌಶಿ ಯಾಕೆ ಕೂತಿದ್ದಾಳೆ? ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಗಾಜಿನ ಆಚೆ ಮೌಶಿ ಗೋಡೆಗೆ ತಲೆ ಕೊಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದಳು, ಶಾಲಿನ ಜರಿ ಅವಳ ಗದ್ದಕ್ಕೆ ಚುಚ್ಚುತ್ತಿತ್ತು. ನನಗೆ ಅಳು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಸಂಜೆ ಇಬ್ಬರೂ ಸೇತುವೆ ಹತ್ತಿದೆವು. ಅವಳ ಸೂಜಿಯ ಕೈ ಬಲಗೈ, ನನ್ನದು ಎಡಗೈ. ಅವಳು ನನ್ನ ಎಡಗಡೆ ನಡೆದಳು. ಕೆಟ್ಟ ಕೈಗಳೆರಡೂ ನಡುವೆ ಬಂದವು, ನೆಟ್ಟಗಿರುವ ಕೈಗಳಿಂದ ಇಬ್ಬರೂ ಜನರನ್ನು ದೂಡಿದೆವು. ಮೌಶಿ ಮರಾಠಿಯಲ್ಲಿ ಬೈಯುತ್ತ ದೂಡಿದಳು, ನಾನು ಕನ್ನಡದಲ್ಲಿ. ದಾರಿ ಬಿಟ್ಟರು. ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ಅವಳು ಏದುಸಿರು ಬಿಡುತ್ತ ಬೈಕುಲ್ಲಾದ ಗಾಡಿಯ ಕಡೆಗೆ ತಿರುಗಿದಳು. ಅವಳ ಎಡಗಡೆಗೂ ಬಲಗಡೆಗೂ ಯಾರೂ ಇರಲಿಲ್ಲ.

ಡಬ್ಬಿಯಲ್ಲಿ ಎಡಗೈಯನ್ನು ಗೋಡೆಯ ಕಡೆಗೆ ಮಾಡಿ ನಿಂತೆ. ಫೋನ್ ನಡುಗಿತು. ಕಾರ್ಯದರ್ಶಿಗಳ ಮೆಸೇಜ್. "ಅಕ್ಕಾರ, ಮುಂದಿನ ತಿಂಗಳು ನಮ್ಮ ಮಹಿಳಾ ವಿಭಾಗದಲ್ಲಿ, ದೀರ್ಘಕಾಲದ ರೋಗಿಗಳಿಗೆ ಸಮಾಜದ ಬೆಂಬಲ ಎಂಬ ವಿಷಯದ ಮೇಲೆ ತಾವೇ ಉಪನ್ಯಾಸ ಕೊಡಬೇಕು."

ಒಂದೇ ಕೈಯಿಂದ ಟೈಪ್ ಮಾಡಿದೆ. "ಉಪನ್ಯಾಸ ಬರುವ ಬುಧವಾರ ಮಧ್ಯಾಹ್ನ, ಡಯಾಲಿಸಿಸ್ ಕೇಂದ್ರದ ಬೆಂಚಿನ ಮೇಲೆ. ಒಬ್ಬರು ಬಂದರೆ ಸಾಕು. ನೀವೇ ಬನ್ನಿ."

ಅವರು ಓದಿದ್ದು ಕಾಣಿಸಿತು. ಬಾಂದ್ರಾ ದಾಟುವಷ್ಟರಲ್ಲಿ ಉತ್ತರ ಬಂತು. ಜೋಡಿಸಿದ ಎರಡು ಕೈಗಳ ಚಿತ್ರ. ಪಾರ್ಲೆ ಬರುವವರೆಗೆ ಅದನ್ನೇ ನೋಡುತ್ತ ನಿಂತೆ. ಆ ಎರಡರಲ್ಲಿ ಒಂದು ಕೈ ನನ್ನ ಎಡಗಡೆ ಇದ್ದಿದ್ದರೆ ಸಾಕಿತ್ತು.